[ಪದಚರ್ಚೆ] ರೂಸ್‌ಬ್ರೂಕನ ‘ಗೆಬ್ರೂಕೆನ್’ಗೆ ಕನ್ನಡದಲ್ಲಿ ಏನು?

ಎಲ್ಲರಿಗೂ ನಮಸ್ಕಾರ.

ಡಚ್ ಅನುಭಾವಿ ಯಾನ್ ವಾನ್ ರೂಸ್‌ಬ್ರೂಕ್ (1293–1381) ತನ್ನ ಹಿಂದಿನವರಿಂದ ಏನು ಪಡೆದ ಎಂಬ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ‘ಗೆಬ್ರೂಕೆನ್’ ಎಂಬಲ್ಲಿ ತಡೆದಿದೆ. ಆತ್ಮ ದೇವರಲ್ಲಿ ನೆಲೆಗೊಂಡು ಸುಖಿಸುವುದು ಎಂಬರ್ಥ, ಲ್ಯಾಟಿನ್ನಿನಲ್ಲಿ ‘ಫ್ರುಯಿತಿಯೊ’. ಸದ್ಯ ‘ದಿವ್ಯಭೋಗ’ ಎಂದು ಹಾಕಿದ್ದೇನೆ, ಒಪ್ಪುತ್ತಿಲ್ಲ. ಬೇರೆ ಪದ ತಿಳಿಸುವಿರಾ?

----

ಭೋಗ ಬೇಡ. ಶಾಸನಗಳ ಅಂಗಭೋಗ, ರಂಗಭೋಗಗಳಲ್ಲಿ (ದೇವರ ಅಲಂಕಾರ, ಹಾಡು-ಕುಣಿತದ ಸೇವೆ) ಭೋಗ ದೇವರದು, ಇಲ್ಲಿ ಆತ್ಮದ್ದು. ‘ಅನುಭಾವ’ ಎನ್ನಿ, ಮುಗಿಯಿತು.

----

> ‘ಅನುಭಾವ’ ಎನ್ನಿ, ಮುಗಿಯಿತು.

ಮುಗಿಯಲಿಲ್ಲ. ಅನುಭಾವ ಇಡೀ ದಾರಿಯ ಹೆಸರು, ಇದು ಆ ದಾರಿಯಲ್ಲಿ ಒಂದು ನೆಲೆ. ಮೊದಲು ಪದದ ಹುಟ್ಟು ನೋಡಿ. ಲ್ಯಾಟಿನ್ನಿನ ‘ಫ್ರುಯಿ’ (ಸವಿಯುವುದು), ಡಚ್ಚಿನ ‘ಗೆಬ್ರೂಕೆನ್’ ಒಂದೇ ಧಾತುವಿನವು. ಆದಿ ಕ್ರೈಸ್ತ ಚಿಂತಕ ಅಗಸ್ಟೀನ್ ಬಳಸುವುದನ್ನೂ ಸವಿಯುವುದನ್ನೂ ಬೇರ್ಪಡಿಸಿದ: ಲೋಕ ಬಳಕೆಗೆ, ದೇವರು ಸವಿಯುವುದಕ್ಕೆ. ಬ್ರಬಾಂಟಿನ (ಇಂದಿನ ಬೆಲ್ಜಿಯಂ–ನೆದರ್ಲೆಂಡ್ಸ್ ಸೀಮೆ) ಅನುಭಾವಿ ಕವಯಿತ್ರಿ ಹಾಡೆವೈಕ್ 13ನೇ ಶತಮಾನದಲ್ಲೇ ಈ ಪದವನ್ನು ಪಳಗಿಸಿದ್ದಳು. ಆಕೆ ಹಿಂದಿನವರನ್ನು ಎಷ್ಟು ಅರಗಿಸಿಕೊಂಡಿದ್ದಳೆಂದರೆ, ತನ್ನ 18ನೇ ಪತ್ರದಲ್ಲಿ ಆತ್ಮಕ್ಕೆ ಪ್ರೀತಿ, ವಿವೇಕ ಎಂಬ ಎರಡು ಕಣ್ಣು ಎನ್ನುವ ಭಾಗ ಸೇಂಟ್ ಥಿಯೆರಿ ಮಠದ ಸನ್ಯಾಸಿ ವಿಲಿಯಂನ ಲ್ಯಾಟಿನ್ ಬರಹದ ಅನುವಾದವೇ. ರೂಸ್‌ಬ್ರೂಕ್ ಆಕೆಯನ್ನು ಓದಿಕೊಂಡವನು. ಇಬ್ಬರಲ್ಲೂ ಪ್ರೇಮವೆಂದರೆ ತೀರದ ಹಸಿವು.

ಹಸಿವಿದ್ದ ಕಡೆ ‘ಉಣ್ಣು’ ಬರಲೇಬೇಕು. ಸುಖ ಉಂಡ, ನೋವುಂಡ, ಮಾಡಿದ್ದುಣ್ಣೋ ಮಹಾರಾಯ. ಅಚ್ಚಗನ್ನಡ ಕೈಯಲ್ಲಿರುವಾಗ ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕು?

----

‘ದೇವರನ್ನು ಉಂಡ’ ಎಂದರೆ ಓದುಗ ಪ್ರಸಾದ ಎಂದುಕೊಳ್ಳುತ್ತಾನೆ. ನಾಮಪದವೇನು, ‘ಉಣ್ಣುವಿಕೆ’ಯೇ? ಸಂಸ್ಕೃತದ ಮೇಲಿನ ಮುನಿಸಿಗೆ ಅನುವಾದಕರನ್ನು ಬಲಿಕೊಡಬೇಡಿ.

----

ಮುನಿಸಿನ ಮಾತೇ ಇಲ್ಲ. ರೂಸ್‌ಬ್ರೂಕ್ ಪಾದ್ರಿ, ಲ್ಯಾಟಿನ್ ಬಲ್ಲವನು. ಆದರೂ ಬರೆದದ್ದು ಬ್ರಬಾಂಟಿನ ಜನರ ಮಾತಿನಲ್ಲಿ. ಗ್ರೀಕ್ ಕ್ರೈಸ್ತ ಅನುಭಾವಿ ಡಿಯೊನೀಸಿಯಸ್‌ನ ಪರಂಪರೆಯಿಂದ ಬಂದ, ‘ಇರವನ್ನು ಮೀರಿದ’ ಎಂಬರ್ಥದ ‘ಸೂಪರ್‌ಎಸೆನ್ಷಿಯಾಲಿಸ್’ ಅನ್ನು ಹಾಗೇ ಎತ್ತಿಕೊಳ್ಳದೆ ‘ಓವರ್‌ವೇಸೆಲಿಕ್’ ಎಂದು ತನ್ನ ನುಡಿಯಲ್ಲೇ ಕಟ್ಟಿದ. ನಮಗೇಕೆ ಆಗದು?

----

‘ಸೂಪರ್’ ಇದ್ದಲ್ಲಿ ‘ಓವರ್’ ಇಟ್ಟದ್ದೂ ಎರವಲೇ. ಅಚ್ಚು ಲ್ಯಾಟಿನ್ನಿನದು, ಮಣ್ಣು ಮಾತ್ರ ಊರಿನದು. ನೀವು ಅದನ್ನು ಶುದ್ಧ ನುಡಿ ಎನ್ನುವುದಾದರೆ ‘ದಿವ್ಯಭೋಗ’ವನ್ನು ಬೈಯುವ ಹಕ್ಕು ನಿಮಗಿಲ್ಲ.

----

ಎರವಲಿನ ಜಗಳಕ್ಕೆ ಬೇರೆ ಎಳೆ ತೆರೆಯಿರಿ, ದಯವಿಟ್ಟು. ನನ್ನ ಲೇಖನದಲ್ಲಿ ಈ ಪದ ಹೆಚ್ಚಾಗಿ ‘ವೆರ್ಕೆನ್’ (ಕೆಲಸ) ಜೊತೆ ಜೋಡಿಯಾಗಿ ಬರುತ್ತದೆ. ಪೂರ್ಣತೆ ಪಡೆದವನು ಲೋಕದಲ್ಲಿ ದುಡಿಯುತ್ತಲೇ ದೇವರಲ್ಲಿ ಸುಖಿಸುತ್ತಾನೆ, ಒಂದಕ್ಕಾಗಿ ಇನ್ನೊಂದನ್ನು ಬಿಡುವುದಿಲ್ಲ. ಅಲ್ಲಿ ‘ದುಡಿಯುತ್ತ ಉಣ್ಣುವವನು’ ಸರಿಯಾಗಿ ಕೂರುತ್ತದೆ, ಅದನ್ನೇ ಇಡುತ್ತೇನೆ. ಉಪಶೀರ್ಷಿಕೆಗೆ ಮಾತ್ರ ನಾಮಪದ ಬೇಕು. ‘ಸವಿ’ ತೆಳುವಾಯಿತು. ನಾಳೆ ಮಧ್ಯಾಹ್ನದೊಳಗೆ ಯಾರಾದರೂ ಹೇಳಿ.