ಸಹಾಯ ಬೇಕು: ಅಜ್ಜನ ಕಾಲದ ಕೊಟ್ಟಿಗೆ ಉಳಿಸಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಜ್ಜ ಕಟ್ಟಿಸಿದ ದನದ ಕೊಟ್ಟಿಗೆಯನ್ನು ಕೆಡವಿಬಿಡೋಣ ಅಂತ ಮನೆಯಲ್ಲಿ ಮಾತು ನಡೆದಿದೆ. ನನಗೆ ಮನಸ್ಸೇ ಒಪ್ಪುತ್ತಿಲ್ಲ. ರಜೆಯ ಮಧ್ಯಾಹ್ನಗಳನ್ನೆಲ್ಲ ನಾವು ಮೊಮ್ಮಕ್ಕಳು ಕಳೆದದ್ದು ಅದರ ಅಟ್ಟದ ಮೇಲೆ, ಒಣಹುಲ್ಲಿನ ರಾಶಿಯಲ್ಲಿ. ಕೆಳಗೆ ಹಸುಗಳು ಮೆಲುಕು ಹಾಕುವ ಸದ್ದು, ಹೆಂಚಿನ ಸಂದಿಯಿಂದ ಇಳಿಯುವ ಬಿಸಿಲಕೋಲು. ಹಸು ಕರು ಹಾಕಿದ ರಾತ್ರಿ ಅಜ್ಜ ಲಾಟೀನು ಹಿಡಿದು ನಮ್ಮನ್ನೆಲ್ಲ ಎಬ್ಬಿಸಿ ಕರೆದೊಯ್ದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಂಬಗಳಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೆರೆಗಳಿವೆ, ಈಗಲೂ ಬೆರಳಿಟ್ಟರೆ ನುಣುಪು.

ಎರಡು ಕಂಬಗಳ ಬುಡಕ್ಕೆ ಗೆದ್ದಲು ಹತ್ತಿದೆ. ಮೇಲಿನ ತೊಲೆಗಳು ಬಡಿದರೆ ಗಟ್ಟಿ ಸದ್ದು ಕೊಡುತ್ತವೆ. ಬುಡ ಮಾತ್ರ ಟೊಳ್ಳು, ಸ್ಕ್ರೂಡ್ರೈವರ್ ಸಲೀಸಾಗಿ ಒಳಗೆ ಹೋಗುತ್ತದೆ. ಹಾಳಾದಷ್ಟನ್ನು ಕತ್ತರಿಸಿ ಕಲ್ಲಿನ ಮೇಲೆ ಕೂರಿಸಿದರೆ ಮರ ಮಣ್ಣಿಗೆ ತಾಗುವುದಿಲ್ಲ, ಸರಿ. ಆದರೆ ಆ ಹೊತ್ತಿಗೆ ಮಾಡಿನ ಭಾರಕ್ಕೆ ಆಸರೆ ಕೊಡುವುದು ಹೇಗೆ? ಗೆದ್ದಲು ತಡೆಯಲು ಮರಕ್ಕೆ ಬೋರಾಕ್ಸ್ (ಬಿಳಿಗಾರ) ದ್ರಾವಣ ಬಳಿಯುವ ಮುಂಚೆ ಹಳೆಯ ಎಣ್ಣೆಯ ಪದರವನ್ನು ಉಜ್ಜಿ ತೆಗೆಯಬೇಕೇ?

ಇಂಥ ಕೆಲಸ ಮಾಡಿಸಿದವರು, ಮರಗೆಲಸ ಬಲ್ಲವರು ದಯವಿಟ್ಟು ತಿಳಿಸಿ. ಮಳೆ ಶುರುವಾಗುವ ಮೊದಲು ಮನೆಯವರನ್ನು ಒಪ್ಪಿಸಬೇಕಿದೆ.