ಕೂಪರ್ ಬ್ಲಾಕ್ ಫಲಕದಲ್ಲಿ ಚೆನ್ನಾಗಿದೆ, ಪೊಟ್ಟಣದ ಹಿಂಬದಿಯಲ್ಲಿ ಏಕೆ ಕೆಡುತ್ತದೆ?

ಪ್ರಶ್ನೆ:
ಬೇಕರಿಯೊಂದಕ್ಕೆ ನಾಮಫಲಕವನ್ನೂ ಬಿಸ್ಕತ್ತಿನ ಪೊಟ್ಟಣವನ್ನೂ ವಿನ್ಯಾಸ ಮಾಡುತ್ತಿದ್ದೇನೆ. ಅಂಗಡಿಯ ಇಂಗ್ಲಿಷ್ ಹೆಸರನ್ನು ಕೂಪರ್ ಬ್ಲಾಕ್ ಫಾಂಟ್‌ನಲ್ಲಿ ಇಟ್ಟು ತೋರಿಸಿದಾಗ ಮಾಲೀಕರಿಗೆ ಕೂಡಲೇ ಹಿಡಿಸಿತು. ಆದರೆ ಅದೇ ಫಾಂಟ್‌ನಲ್ಲಿ ಪದಾರ್ಥಗಳ ಪಟ್ಟಿಯನ್ನು 7 ಪಾಯಿಂಟ್‌ಗೆ ಇಳಿಸಿದರೆ, ಇಂಗ್ಲಿಷಿನ ಸಣ್ಣ ‘ಎ’, ‘ಇ’ಗಳ ಒಳಜಾಗವೆಲ್ಲ ಶಾಯಿಯಿಂದ ಮುಚ್ಚಿಹೋಗುತ್ತದೆ. ಇದು ಮುದ್ರಣದ ದೋಷವೋ ಫಾಂಟ್‌ನ ಸ್ವಭಾವವೋ? ಜೊತೆಗೆ, ಇದರ ಪಕ್ಕದಲ್ಲಿ ಕನ್ನಡದ ಹೆಸರನ್ನು ಅಷ್ಟೇ ದಪ್ಪವಾಗಿ ಕೂರಿಸಲು ಯಾವ ಫಾಂಟ್ ಸೂಕ್ತವೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ:
ಫಾಂಟ್‌ನ ಸ್ವಭಾವ. ಪದಾರ್ಥಗಳ ಪಟ್ಟಿ ಅದರ ಕೆಲಸವೇ ಅಲ್ಲ. ಷಿಕಾಗೋದ ಆಸ್ವಾಲ್ಡ್ ಬ್ರೂಸ್ ಕೂಪರ್ ಜಾಹೀರಾತಿನ ಅಕ್ಷರ ಬರೆಯುವುದರಲ್ಲಿ ಪಳಗಿದವರು. ಅವರ ಈ ಅಕ್ಷರವನ್ನು ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಎಂಬ ಅಚ್ಚುಮೊಳೆ ಕಂಪನಿ 1922ರಲ್ಲಿ ಮಾರುಕಟ್ಟೆಗೆ ತಂದಿತು. ದೂರದೃಷ್ಟಿಯುಳ್ಳ ಮುದ್ರಕರಿಗಾಗಿ, ಅವರ ದೂರದ್ದು ಕಾಣದ ಗಿರಾಕಿಗಳಿಗಾಗಿ ಇದು ಎಂದು ಕೂಪರ್ ಅವರೇ ತಮಾಷೆ ಮಾಡಿದ್ದರು.

ಹೆಸರನ್ನು ಪರದೆಯ ತುಂಬ ಹಿಗ್ಗಿಸಿ ನೋಡಿ. ಸೆರಿಫ್‌ಗಳು, ಅಂದರೆ ಗೆರೆಗಳ ತುದಿಯಲ್ಲಿ ಚಾಚಿಕೊಂಡ ಚಿಕ್ಕ ಅಂಚುಗಳು, ಇವೆ, ಆದರೆ ಒಂದಕ್ಕೂ ಚೂಪು ಮೂಲೆಯಿಲ್ಲ; ಕಾಲುಗಳ ತಳವೂ ದುಂಡಗಿರುವುದರಿಂದ ಸಾಲು ಸಮತಟ್ಟಾಗಿ ನಿಲ್ಲದೆ ಒಂದಿಷ್ಟು ಏರಿಳಿಯುವಂತೆ ಕಾಣುತ್ತದೆ. ಇಂಗ್ಲಿಷಿನ ‘ಓ’ದ ಒಳಗಿನ ತೂತು ನೆಟ್ಟಗಿಲ್ಲ, ಹಿಂದಕ್ಕೆ ವಾಲಿದೆ, ‘ಐ’ನ ಚುಕ್ಕೆಯೂ ವಾಲಿದ ಮೊಟ್ಟೆಯಾಕಾರದ್ದು. ಇಷ್ಟು ದಪ್ಪವಿದ್ದೂ ಅಕ್ಷರ ಗದರಿಸಿದಂತೆ ಕಾಣದಿರುವುದಕ್ಕೆ ಈ ಮೃದುತ್ವವೇ ಕಾರಣ, ಬೇಕರಿಗೆ ಒಪ್ಪುವುದೂ ಅದಕ್ಕೇ. ದಪ್ಪವನ್ನೆಲ್ಲ ಒಳಜಾಗದಿಂದ ಕಿತ್ತುಕೊಂಡು ಪಡೆದಿರುವಾಗ, 7 ಪಾಯಿಂಟ್‌ನಲ್ಲಿ ಶಾಯಿ ಕೂದಲೆಳೆಯಷ್ಟು ಹರಡಿದರೂ ತೂತು ಮುಚ್ಚದೆ ಇರಲಾರದು.

ಇದರ ಎರಡನೆಯ ಜನ್ಮವೂ ತಿಳಿದಿರಲಿ. ಸೀಸದ ಮೊಳೆಗಳ ಕಾಲದಲ್ಲಿ ಪ್ರತಿ ಅಕ್ಷರವೂ ತನ್ನದೇ ಲೋಹದ ತುಂಡಿನ ಮೇಲೆ ಕೂತಿರುತ್ತಿದ್ದುದರಿಂದ, ಅರದಿಂದ ಉಜ್ಜದ ಹೊರತು ಎರಡು ಅಕ್ಷರಗಳನ್ನು ತೀರ ಹತ್ತಿರಕ್ಕೆ ತರಲಾಗುತ್ತಿರಲಿಲ್ಲ. 1960ರ ದಶಕದಲ್ಲಿ ಅಕ್ಷರಗಳನ್ನು ಫಿಲ್ಮಿನ ಮೇಲೆ ಮೂಡಿಸುವ ಫೋಟೋ ಅಕ್ಷರಜೋಡಣೆಯೂ ಉಜ್ಜಿ ಅಂಟಿಸುವ ಲೆಟ್ರಾಸೆಟ್ ಹಾಳೆಗಳೂ ಬಳಕೆಗೆ ಬಂದ ಮೇಲೆ, ಅಕ್ಷರಗಳನ್ನು ಒಂದಕ್ಕೊಂದು ತಾಗಿಸುವುದು ಸುಲಭವಾಯಿತು. ಅಮೆರಿಕದ ಬೀಚ್ ಬಾಯ್ಸ್ ಸಂಗೀತ ತಂಡದ 1966ರ ‘ಪೆಟ್ ಸೌಂಡ್ಸ್’ ಆಲ್ಬಮಿನ ಹೊದಿಕೆಯಲ್ಲಿ, ಹಸಿರು ಪಟ್ಟಿಯ ಮೇಲೆ ಒತ್ತೊತ್ತಾಗಿ ನಿಂತ ಅಕ್ಷರಗಳು ಇವೇ. ಈಸಿಜೆಟ್ ವಿಮಾನಗಳ ಮೇಲೆ ಕಿತ್ತಳೆ ಬಣ್ಣದೊಡನೆ ಕಾಣುವ ಹೆಸರೂ ಇದೇ ಅಕ್ಷರದ್ದು. ಎಲ್ಲ ಕಡೆಯೂ ಎರಡು ಮೂರು ಪದ, ಅಷ್ಟೆ. ಪದಾರ್ಥಗಳ ಪಟ್ಟಿಗೆ ಸೆರಿಫ್ ಇಲ್ಲದ, ಸಾಧಾರಣ ದಪ್ಪದ ಫಾಂಟ್ ಹಾಕಿಬಿಡಿ.

ಮತ್ತೊಂದು ಉತ್ತರ:
ಕನ್ನಡದ ಬಗ್ಗೆ ಹೇಳುತ್ತೇನೆ. ಮೊದಲನೆಯದಾಗಿ, ಪುಸ್ತಕದ ಫಾಂಟ್ ತೆಗೆದುಕೊಂಡು ಅದಕ್ಕೆ ಹೊರಗೆರೆ ಸುತ್ತಿ ದಪ್ಪ ಮಾಡುವ ಅಭ್ಯಾಸ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಬೇರೂರಿದೆ. ದಯವಿಟ್ಟು ಅದನ್ನು ಮಾಡಬೇಡಿ. ಸಾಫ್ಟ್‌ವೇರ್ ಎಲ್ಲ ಕಡೆಗೂ ಒಂದೇ ಅಳತೆಯಲ್ಲಿ ದಪ್ಪ ಸೇರಿಸುತ್ತದೆ. ಆಗ ಮೊದಲು ಬಲಿಯಾಗುವುದು ಮಹಾಪ್ರಾಣದ ಹೊಟ್ಟೆ ಸೀಳು: ‘ಧ’ ಹೋಗಿ ‘ದ’ದಂತೆಯೂ, ‘ಭ’ ಹೋಗಿ ‘ಬ’ದಂತೆಯೂ ಕಾಣತೊಡಗುತ್ತದೆ, ‘ಥ’ದೊಳಗಿನ ಚುಕ್ಕೆ ಗೋಡೆಗೆ ಅಂಟಿಕೊಳ್ಳುತ್ತದೆ. ದಪ್ಪ ಅಕ್ಷರವನ್ನೇ ಮೊದಲಿನಿಂದ ಬರೆಯುವ ವಿನ್ಯಾಸಕರು ಒಂದು ಕಡೆ ತೂಕ ಕೂಡಿಸಿ, ತಲೆಕಟ್ಟು ಸೇರುವಲ್ಲಿಯೂ ಸೀಳಿನ ಅಕ್ಕಪಕ್ಕದಲ್ಲಿಯೂ ತೆಳ್ಳಗೆ ಮಾಡಿ ಬೆಳಕಿಗೆ ದಾರಿ ಬಿಟ್ಟಿರುತ್ತಾರೆ.

ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸ ಸಂಸ್ಥೆಯವರ ‘ಬಾಲೂ ತಮ್ಮ 2’ ಫಾಂಟ್ ಇಂಥದ್ದು; ಅದರ ಎಕ್ಸ್‌ಟ್ರಾ ಬೋಲ್ಡ್ ತೂಕದ (ತೂಕವೆಂದರೆ ಗೆರೆಯ ದಪ್ಪದ ಹಂತ) ದುಂಡು ತುದಿಗಳು ಕೂಪರ್ ಬ್ಲಾಕ್‌ಗೆ ಒಗ್ಗುತ್ತವೆ, ಉಚಿತವಾಗಿಯೂ ಸಿಗುತ್ತದೆ. ನೋಟೋ ಸೆರಿಫ್ ಕನ್ನಡದ ಬ್ಲಾಕ್ ತೂಕ ಗಂಭೀರವಾದದ್ದು, ಬಿಸ್ಕತ್ತಿಗಿಂತ ಪುಸ್ತಕದ ಮುಖಪುಟಕ್ಕೆ ಹೆಚ್ಚು ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಕೂಪರ್ ಬ್ಲಾಕ್‌ನಲ್ಲಿ ಕೆಳಕ್ಕೆ ಇಳಿಯುವ ಕಾಲುಗಳು ಬಹಳ ಗಿಡ್ಡ. ನಮ್ಮ ಒತ್ತಕ್ಷರಗಳು ಹಾಗಲ್ಲವಾದ್ದರಿಂದ, ಕನ್ನಡವನ್ನು ಮೇಲಿಟ್ಟರೆ ನಡುವೆ ಧಾರಾಳವಾಗಿ ಜಾಗ ಬಿಡಬೇಕು. ಇಂಗ್ಲಿಷನ್ನು ಮೇಲಿಟ್ಟರೆ ಈ ತೊಂದರೆ ಕಡಿಮೆ, ಆದರೆ ಕನ್ನಡವೇ ಮೇಲಿರಲಿ ಎಂದು ಗಿರಾಕಿಗಳು ಕೇಳುವುದು ನ್ಯಾಯವೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು ಸರ್. ಫಲಕದಲ್ಲಿ ಬಿಡಿ ಅಕ್ರಿಲಿಕ್ ಅಕ್ಷರಗಳ ಒಳಗೆ ಎಲ್‌ಇಡಿ ದೀಪ ಬರುತ್ತದೆ. ಅಲ್ಲಿಯೂ ಅಕ್ಷರಗಳನ್ನು ಆ ಆಲ್ಬಮಿನಂತೆ ತಾಗಿಸಬಹುದೇ?

ಮೊದಲು ಉತ್ತರಿಸಿದವರು:
ಬೇಡ. ರಾತ್ರಿ ಬೆಳಕು ಅಂಚಿನಿಂದಾಚೆಗೆ ಚೆಲ್ಲುತ್ತದೆ. ಕಾಗದದ ಮೇಲೆ ಶಾಯಿ ಮಾಡುವುದನ್ನೇ ಫಲಕದಲ್ಲಿ ದೀಪ ಮಾಡುತ್ತದೆ. ಅಕ್ಷರಗಳ ನಡುವೆ ಫಾಂಟ್ ತಾನಾಗಿ ಕೊಡುವುದಕ್ಕಿಂತ ತುಸು ಹೆಚ್ಚೇ ಅಂತರವಿರಲಿ. ಪೊಟ್ಟಣದ ಮುಂಬದಿಯಲ್ಲಿ ಬೇಕಾದರೆ ತಾಗಿಸಿ. ಕತ್ತರಿಸಲು ಕೊಡುವ ಮೊದಲು ‘ಧ’, ‘ಭ’ಗಳಂಥ ಒಂದೆರಡು ಅಕ್ಷರಗಳನ್ನಷ್ಟೇ ಪೂರ್ಣ ಅಳತೆಯಲ್ಲಿ ಮಾಡಿಸಿ, ಕತ್ತಲಾದ ಮೇಲೆ ದೀಪ ಹಾಕಿ ರಸ್ತೆಯ ಆಚೆ ಬದಿಯಿಂದ ನೋಡಿ. ಸೀಳು ಕಾಣದಿದ್ದರೆ ಒಂದು ಹಂತ ತೆಳುವಾದ ತೂಕಕ್ಕೆ ಇಳಿಯಿರಿ.