ಪ್ಲಾಝಾ ಒಪ್ಪಂದದ ಫಾರ್ವರ್ಡ್: ಎಂ.ಎ. ಎಕನಾಮಿಕ್ಸ್ ಬಳಗದಲ್ಲಿ ಜಟಾಪಟಿ

ಸತೀಶ: ಬಂದದ್ದನ್ನ ಹಾಗೇ ಹಾಕ್ತಿದೀನಿ, ಓದಿ.

*ಫಾರ್ವರ್ಡ್: 1985ರಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಅಮೆರಿಕ ಜಪಾನಿನಿಂದ ಬಲವಂತವಾಗಿ ಸಹಿ ಹಾಕಿಸಿಕೊಂಡಿತು. ರಾತ್ರೋರಾತ್ರಿ ಯೆನ್ ಬೆಲೆ ದುಪ್ಪಟ್ಟಾಯಿತು. ಕಾರ್ಖಾನೆಗಳು ಮುಚ್ಚಿದವು. ಮೂವತ್ತು ವರ್ಷ ಆ ದೇಶ ಮೇಲೇಳಲಿಲ್ಲ. ಎಲ್ಲರಿಗೂ ಕಳಿಸಿ!*

ರಾಘು: ಕೊನೇಲಿ ‘ಎಲ್ಲರಿಗೂ ಕಳಿಸಿ’ ಅಂತಿದ್ರೆ ಮೊದಲ ಸಾಲಿಂದಲೇ ಅನುಮಾನ ಪಡಬೇಕು ಕಣೋ.

ಶೈಲಜಾ: ಹೋಟೆಲ್ ಸರಿ, ಇಸವಿ ಸರಿ. ಅಲ್ಲಿಗೆ ಮುಗೀತು. ಸೆಪ್ಟೆಂಬರ್ 22, ಭಾನುವಾರ, ಪ್ಲಾಝಾ ಹೋಟೆಲ್. ಡಾಲರ್ ಬೆಲೆ ಇಳಿಸೋಣ ಅಂತ ಕೂತಿದ್ದು ಎರಡು ದೇಶ ಅಲ್ಲ, ಐದು. ಬಂದಿದ್ದು ಹಣಕಾಸು ಸಚಿವರು: ಅಮೆರಿಕದ ಬೇಕರ್, ಜಪಾನಿನ ತಕೆಶಿತಾ, ಪಶ್ಚಿಮ ಜರ್ಮನಿಯ ಸ್ಟೋಲ್ಟನ್‌ಬರ್ಗ್, ಫ್ರಾನ್ಸಿನ ಬೆರೆಗೊವಾ, ಬ್ರಿಟನ್ನಿನ ಲಾಸನ್, ಜೊತೆಗೆ ಅವರವರ ಸೆಂಟ್ರಲ್ ಬ್ಯಾಂಕಿನವರು. ಆವತ್ತು ಡಾಲರಿಗೆ 240 ಯೆನ್ ಆಸುಪಾಸು (ಈ ಸಂಖ್ಯೆ ಇಳಿದಷ್ಟೂ ಯೆನ್ ಏರಿತು ಅಂತ ಅರ್ಥ). ವರ್ಷದ ಕೊನೆಗೆ 200. 1987 ಮುಗಿಯೋ ಹೊತ್ತಿಗೆ 120ರ ಹತ್ತಿರ. ದುಪ್ಪಟ್ಟಾಗೋಕೆ ಎರಡು ವರ್ಷದ ಮೇಲಾಯ್ತು. ಇನ್ನೊಂದು, ಡಾಲರ್ ತುತ್ತತುದಿ ಮುಟ್ಟಿದ್ದು ಫೆಬ್ರವರಿಯಲ್ಲಿ, ಆಗ 260. ಇವರು ಸಭೆ ಸೇರೋಕೆ ಏಳು ತಿಂಗಳು ಮುಂಚೇನೇ ಇಳಿಯೋಕೆ ಶುರುವಾಗಿತ್ತು.

ಸತೀಶ: ಒಂದು ರಾತ್ರಿಯೋ ಎರಡು ವರ್ಷವೋ, ದುಪ್ಪಟ್ಟಂತೂ ಆಯ್ತಲ್ಲ. ಬಲವಂತ ಅಲ್ಲ ಅಂತೀಯಾ?

ಶೈಲಜಾ: ಒತ್ತಡ ಇತ್ತು, ಇರಲಿಲ್ಲ ಅಂದವರ್ಯಾರು? ಜಪಾನ್, ಕೊರಿಯಾ, ತೈವಾನ್, ಬ್ರೆಜಿಲ್‌ನಿಂದ ಬರೋ ಮಾಲಿನ ಮೇಲೆ ಶೇ. 25 ಸರ್‌ಚಾರ್ಜ್ ಹಾಕೋ ಮಸೂದೆ ಆ ಜುಲೈನಲ್ಲೇ ಅಮೆರಿಕದ ಕಾಂಗ್ರೆಸ್‌ಗೆ ಬಂದಿತ್ತು. ಅದಕ್ಕಿಂತ ಯೆನ್ ಏರೋದೇ ವಾಸಿ ಅಂತ ಟೋಕಿಯೋಗೆ ಅನ್ನಿಸಿತ್ತು. ಶೇ. 10ಕ್ಕಿಂತ ಹೆಚ್ಚು ಏರೋಕೆ ತಕೆಶಿತಾ ತಾವಾಗೇ ಮುಂದೆ ಬಂದ್ರು ಅಂತ ಅಮೆರಿಕದ ಸೆಂಟ್ರಲ್ ಬ್ಯಾಂಕ್ ಫೆಡ್‌ನ ಆಗಿನ ಅಧ್ಯಕ್ಷ ವೋಲ್ಕರ್ ಆಮೇಲೆ ಬರೆದಿದ್ದಾರೆ. ಪ್ರಕಟಿಸದ ಕರಡಿನಲ್ಲಿದ್ದ ಗುರಿ ಡಾಲರನ್ನ ಶೇ. 10ರಿಂದ 12 ಇಳಿಸೋದು, ಆರು ವಾರದಲ್ಲಿ ಗರಿಷ್ಠ 18 ಬಿಲಿಯನ್ ಡಾಲರ್ ಮಾರೋದು. ಅಷ್ಟು ಮಾರೋ ಅಗತ್ಯಾನೇ ಬೀಳಲಿಲ್ಲ. ಐದು ಸರ್ಕಾರ ಒಂದೇ ಕಡೆ ನಿಂತಿವೆ ಅಂತ ಗೊತ್ತಾದ ಕೂಡಲೇ ಕರೆನ್ಸಿ ಡೀಲರ್‌ಗಳು ತಾವೇ ಡಾಲರ್ ಬಿಸಾಕಿದ್ರು. ಸಾಲದ್ದಕ್ಕೆ ಅಕ್ಟೋಬರ್ ಕೊನೇಲಿ ಬ್ಯಾಂಕ್ ಆಫ್ ಜಪಾನ್ ಅಲ್ಪಾವಧಿ ಬಡ್ಡಿನ ಬೇಕಂತಲೇ ಏರೋಕೆ ಬಿಡ್ತು, ಯೆನ್ ಮತ್ತೆ ಇಳೀಬಾರದು ಅಂತ. ಕೈ ತಿರುಚಿಸಿಕೊಂಡವರು ಮಾಡೋ ಕೆಲಸಾನಾ ಇದು?

ನಾಗೇಂದ್ರ: ಸತೀಶ, ದಬ್ಬಾಳಿಕೆ ತೋರಿಸಬೇಕು ಅಂದ್ರೆ ನೀನು ತಪ್ಪು ಫೈಲ್ ತೆಗೆದಿದೀಯ. ಕಾರಿನ ಫೈಲ್ ತೆಗಿ. 1981ರ ಮೇ ತಿಂಗಳಲ್ಲಿ ‘ಸ್ವಯಂಪ್ರೇರಿತ’ ರಫ್ತು ಮಿತಿ ಅಂತ ಬಂತು. ಹೆಸರಿಗಷ್ಟೇ ಸ್ವಯಂಪ್ರೇರಿತ. ಮೊದಲ ವರ್ಷ 16.8 ಲಕ್ಷ ಕಾರು, 1984ರಲ್ಲಿ 18.5 ಲಕ್ಷ, 1985ರಲ್ಲಿ 23 ಲಕ್ಷ. ಯಾವ ಕಂಪನಿಗೆ ಎಷ್ಟು ಅಂತ ಹಂಚಿದ್ದು ಜಪಾನಿನ ವಾಣಿಜ್ಯ ಸಚಿವಾಲಯ ಮಿಟಿ.

ಅದರ ಲೆಕ್ಕ ನೋಡು. ಮಿತಿ ಇದ್ದಿದ್ದು ಕಾರಿನ ಸಂಖ್ಯೆಗೆ, ಬೆಲೆಗಲ್ಲ. ಸಂಖ್ಯೆ ಹೆಚ್ಚಿಸೋ ಹಾಗಿಲ್ಲ ಅಂದ್ಮೇಲೆ ಒಂದೊಂದು ಕಾರಲ್ಲೂ ಹೆಚ್ಚು ಲಾಭ ಹಿಂಡಬೇಕು. ಹಾಗಾಗಿ ಚಿಕ್ಕ ಅಗ್ಗದ ಕಾರು ಹಿಂದೆ ಸರೀತು, ಏಸಿ, ದೊಡ್ಡ ಇಂಜಿನ್ ಇರೋ ದುಬಾರಿ ಮಾಡೆಲ್ ಹಡಗು ಹತ್ತಿತು. ಹೋಂಡಾ 1986ರಲ್ಲಿ ಅಕ್ಯೂರಾ ತಂತು, ಟೊಯೋಟಾ, ನಿಸ್ಸಾನ್ 1989ರಲ್ಲಿ ಲೆಕ್ಸಸ್, ಇನ್ಫಿನಿಟಿ ತಂದ್ರು. ಅಮೆರಿಕ ಸುಂಕ ಹಾಕಿದ್ರೆ ಆ ದುಡ್ಡು ಅದರ ಖಜಾನೆಗೆ ಹೋಗ್ತಿತ್ತು. ಕೋಟಾ ಹಾಕಿಸಿದ್ದರಿಂದ ಬೆಲೆ ಏರಿಕೆಯ ಲಾಭ ಜಪಾನಿ ಕಂಪನಿಗಳ ಜೇಬಿಗೇ ಹೋಯ್ತು, ಕೊಟ್ಟಿದ್ದು ಅಮೆರಿಕದ ಗಿರಾಕಿ. ಡೆಟ್ರಾಯಿಟ್‌ನೋರೂ, ಅಂದ್ರೆ ಅಮೆರಿಕದ ಕಾರು ಕಂಪನಿಗಳೂ, ಅದೇ ನೆಪದಲ್ಲಿ ಬೆಲೆ ಏರಿಸಿಕೊಂಡ್ರು. ಮಿತಿಯಿಂದ ತಪ್ಪಿಸಿಕೊಳ್ಳೋಕೆ ಇನ್ನೊಂದು ದಾರಿ ಅಲ್ಲೇ ಕಾರ್ಖಾನೆ ಕಟ್ಟೋದು. ಓಹಾಯೋದ ಮೇರೀಸ್‌ವಿಲ್‌ನಲ್ಲಿ ಹೋಂಡಾ ಕಾರು 1982ರಲ್ಲೇ ಬಂತು. ಆಮೇಲೆ ಟೆನ್ನೆಸ್ಸೀಲಿ ನಿಸ್ಸಾನ್, ಕೆಂಟಕೀಲಿ ಟೊಯೋಟಾ.

ರಾಘು: ಹೊಡೆಯೋಕೆ ಹೋಗಿ ಬಾಡಿಬಿಲ್ಡರ್ ಮಾಡಿಟ್ರು ಅನ್ನು.

ನಾಗೇಂದ್ರ: ಚಿಪ್‌ನಲ್ಲಿ ಇನ್ನೂ ಮಜಾ. 1986ರ ಸೆಮಿಕಂಡಕ್ಟರ್ ಒಪ್ಪಂದದಲ್ಲಿ ಮೆಮೊರಿ ಚಿಪ್‌ಗೆ ಇದಕ್ಕಿಂತ ಕಡಿಮೆಗೆ ಮಾರಬೇಡಿ ಅಂತ ತಳಬೆಲೆ ಕಟ್ಟಿದ್ರು. ಜಪಾನ್ ಮಾರುಕಟ್ಟೇಲಿ ವಿದೇಶಿ ಪಾಲು ಶೇ. 20 ಆಗಬೇಕು ಅನ್ನೋ ನಿರೀಕ್ಷೆ ಬೇರೆ. ಸರಿಯಾಗಿ ಪಾಲಿಸ್ತಿಲ್ಲ ಅಂತ 1987ರ ಏಪ್ರಿಲ್‌ನಲ್ಲಿ ರೇಗನ್ 300 ಮಿಲಿಯನ್ ಡಾಲರ್ ಮಾಲಿನ ಮೇಲೆ ಶೇ. 100 ಸುಂಕ ಹಾಕಿದ್ರು. ತಳಬೆಲೆ ಆಸರೆಯಲ್ಲಿ ಕೊರಿಯಾದೋರು ನೆಮ್ಮದಿಯಾಗಿ ಒಳಗೆ ಬಂದ್ರು.

ಸತೀಶ: ನೀನು ನನ್ನ ಪರವಾಗೇ ಮಾತಾಡ್ತಿದೀಯ! ಎಲ್ಲ ಕಡೆಯಿಂದ ಹಿಸುಕಿದಾರೆ, ಅದಕ್ಕೇ ಜಪಾನ್ ಕುಸೀತು.

ಶೈಲಜಾ: ಹಿಸುಕಿದ್ದಕ್ಕೂ ಕುಸಿದಿದ್ದಕ್ಕೂ ನಡುವೆ ಐದು ವರ್ಷ ಇದೆ, ಅದನ್ನ ನುಂಗಿ ಹಾಕ್ಬೇಡ. ಯೆನ್ ಏರಿದ್ದರಿಂದ ಬಂದ ಹಿಂಜರಿತ 1986ರ ನವೆಂಬರಿಗೇ ಮುಗೀತು. 1988ರಲ್ಲಿ ಆ ಆರ್ಥಿಕತೆ ಶೇ. 6ಕ್ಕಿಂತ ಜಾಸ್ತಿ ಬೆಳೀತು. ಇನ್ನು ಜರ್ಮನಿ ನೋಡು. ಪ್ಲಾಝಾ ಹೊತ್ತಿಗೆ ಡಾಲರಿಗೆ ಹೆಚ್ಚುಕಡಿಮೆ 2.85 ಮಾರ್ಕ್, 1987ರ ಕೊನೆಗೆ 1.6. ಹತ್ತಿರ ಹತ್ತಿರ ಅಷ್ಟೇ ಏರಿಕೆ. ಅದೇ ಹೋಟೆಲ್, ಅದೇ ಕಾಗದ. ಜರ್ಮನಿಗೆ ಯಾಕೆ ಜಪಾನಿನ 90ರ ದಶಕದ ಥರ ಬೆಳವಣಿಗೆಯೇ ಇಲ್ಲದ ‘ಕಳೆದುಹೋದ ದಶಕ’ ಬರಲಿಲ್ಲ?

ಸತೀಶ: ಜರ್ಮನಿ ಸುತ್ತ ಯುರೋಪ್ ಇತ್ತು. ಅದರ ಹೆಚ್ಚಿನ ರಫ್ತು ಪಕ್ಕದ ದೇಶಗಳಿಗೇ. ಜಪಾನ್ ಅಮೆರಿಕದ ಮೇಲೆ ನೇತಾಡ್ತಿತ್ತು. ಹೋಲಿಕೆ ಸರಿಯಿಲ್ಲ.

ಶೈಲಜಾ: ಆ ವ್ಯತ್ಯಾಸ ಒಪ್ಪಬೇಕಾದ್ದೇ. ಆದರೆ ಬಡ್ಡಿ ನೋಡು. ಬ್ಯಾಂಕ್ ಆಫ್ ಜಪಾನ್ ಡಿಸ್ಕೌಂಟ್ ರೇಟ್ (ಬೇರೆ ಬ್ಯಾಂಕುಗಳಿಗೆ ಅದು ಸಾಲ ಕೊಡೋ ಬಡ್ಡಿ, ಶೇಕಡಾ ಲೆಕ್ಕದಲ್ಲಿ) 1986ರ ಜನವರಿಯಲ್ಲಿ 5ರಿಂದ 4.5, ಮಾರ್ಚ್ 4, ಏಪ್ರಿಲ್ 3.5, ನವೆಂಬರ್ 3, 1987ರ ಫೆಬ್ರವರಿಯಲ್ಲಿ 2.5. ಆಮೇಲೆ 1989ರ ಮೇ ತನಕ ಅಲ್ಲೇ ಕೂತ್ಕೊಂಡಿತು. 27 ತಿಂಗಳು! ಜರ್ಮನಿಯೂ 2.5ಕ್ಕೆ ಇಳಿಸಿತು, 1987ರ ಡಿಸೆಂಬರ್‌ನಲ್ಲಿ. ಆದರೆ 1988ರ ಜುಲೈಗೇ ಮೇಲೆತ್ತಿತು. ಏಳು ತಿಂಗಳು.

ಸತೀಶ: 2.5ಕ್ಕೆ ಇಳಿಸಿದ್ದು ಯಾರ ಮಾತಿಗೆ? 1987ರ ಫೆಬ್ರವರಿ 22, ಪ್ಯಾರಿಸ್‌ನ ಲೂವ್ರ್ ಒಪ್ಪಂದ. ಡಾಲರ್ ಇನ್ನು ಸಾಕು, ನಿಲ್ಲಿಸೋಣ ಅಂತ ಎಲ್ಲ ಕೂತ್ರು, ಜಪಾನ್ ಬಡ್ಡಿ ಇಳಿಸಿ ಒಳಗಿನ ಬೇಡಿಕೆ ಹೆಚ್ಚಿಸಬೇಕು ಅನ್ನೋದು ಆ ಮಾತುಕತೆಯ ಭಾಗ. ಆಮೇಲೆ ಏರಿಸೋಣ ಅಂದ್ಕೊಳ್ಳೋಷ್ಟರಲ್ಲಿ ಅಕ್ಟೋಬರ್ 19ಕ್ಕೆ ಅಮೆರಿಕದ ಷೇರು ಸೂಚ್ಯಂಕ ಡೌ ಒಂದೇ ದಿನ ಶೇ. 22.6 ಬಿತ್ತು. ಟೋಕಿಯೋ ಬಡ್ಡಿ ಏರಿಸಿದ್ರೆ ಡಾಲರ್ ಇನ್ನೂ ಕುಸಿಯುತ್ತೆ ಅನ್ನೋ ಭಯ. ಇದು ಅಮೆರಿಕದ ನೆರಳಲ್ವಾ?

ಶೈಲಜಾ: ಇದು ನಿಜವಾದ ವಾದ. ಫಾರ್ವರ್ಡ್‌ನಲ್ಲಿ ಇದನ್ನ ಬರೆದಿದ್ರೆ ನಾನು ತಕರಾರೇ ತೆಗೀತಿರಲಿಲ್ಲ. ಆದರೆ ಅರ್ಧ ಕಥೆ ಟೋಕಿಯೋದ್ದೇ. ಹಣಕಾಸು ಸಚಿವಾಲಯಕ್ಕೆ ಬಜೆಟ್ ಕೊರತೆ ಇಳಿಸೋ ಹಟ. ಸರ್ಕಾರ ಖರ್ಚು ಮಾಡಲ್ಲ ಅಂದ್ರೆ ಬೇಡಿಕೆ ಎಬ್ಬಿಸೋ ಭಾರವೆಲ್ಲ ಬಡ್ಡಿ ಮೇಲೆ. 6 ಟ್ರಿಲಿಯನ್ ಯೆನ್ ಪ್ಯಾಕೇಜ್ ಬಂದಿದ್ದು 1987ರ ಮೇನಲ್ಲಿ, ಅಷ್ಟರಲ್ಲಿ ಬಡ್ಡಿ ತಳ ಕಂಡಿತ್ತು. ಸೆಂಟ್ರಲ್ ಬ್ಯಾಂಕ್ ಕಾನೂನಿನ ಪ್ರಕಾರ ಸಚಿವಾಲಯದ ಕೈಕೆಳಗೇ, ಹೊಸ ಕಾಯ್ದೆ ಜಾರಿಯಾಗಿದ್ದು 1998ರಲ್ಲಿ. ಜೊತೆಗೆ ಯೆನ್ ಗಟ್ಟಿ, ತೈಲ ಅಗ್ಗ, ಹಾಗಾಗಿ ಗ್ರಾಹಕ ಬೆಲೆ ಏರಿಕೆ ಹೆಚ್ಚುಕಡಿಮೆ ಸೊನ್ನೆ. ಬೆಲೆ ಸೂಚ್ಯಂಕ ತಣ್ಣಗಿದೆ ಅಂತ ನೋಡ್ಕೊಂಡು ಕೂತ್ರು, ಬೆಂಕಿ ಜಮೀನಿಗೂ ಷೇರಿಗೂ ಬಿದ್ದಿತ್ತು. 1985ರ ಕೊನೆಗೆ 13,000 ಇದ್ದ ಟೋಕಿಯೋ ಷೇರು ಸೂಚ್ಯಂಕ ನಿಕ್ಕೈ 1989ರ ಡಿಸೆಂಬರ್ 29ಕ್ಕೆ 38,915.

ಫರೀದಾ: ಬ್ಯಾಂಕುಗಳ ವಿಷಯ ಯಾರೂ ಎತ್ತಲಿಲ್ಲ. 1988ರ ಬಾಸೆಲ್ ನಿಯಮ, ಅಂದ್ರೆ ಬ್ಯಾಂಕುಗಳಿಗೆ ಹಾಕಿದ ಅಂತರರಾಷ್ಟ್ರೀಯ ನಿಯಮ: ಸಾಲಕ್ಕೆ ಶೇ. 8 ಬಂಡವಾಳ ಇಡಬೇಕು. ಜಪಾನಿ ಬ್ಯಾಂಕುಗಳ ಹತ್ರ ಹಳೇ ಬೆಲೆಗೆ ಕೊಂಡ ಷೇರು ರಾಶಿ ಇತ್ತು. ಅದರ ಕಾಗದದ ಮೇಲಿನ ಲಾಭದಲ್ಲಿ ಶೇ. 45 ಭಾಗವನ್ನ ಎರಡನೇ ದರ್ಜೆ (ಮುಖ್ಯ ಬಂಡವಾಳಕ್ಕೆ ಪೂರಕವಾದ) ಬಂಡವಾಳ ಅಂತ ತೋರಿಸ್ಕೊಳ್ಳಿ ಅಂದ್ರು. ಲೆಕ್ಕ ಹಾಕು: 100ಕ್ಕೆ ಕೊಂಡ ಷೇರು ಈಗ 500. ಲಾಭ 400, ಅದರ ಶೇ. 45 ಅಂದ್ರೆ 180. ಒಂದು ಯೆನ್ ಬಂಡವಾಳಕ್ಕೆ 12.5 ಯೆನ್ ಸಾಲ, ಹಾಗಾಗಿ 2,250 ಯೆನ್ ಹೊಸ ಸಾಲಕ್ಕೆ ಜಾಗ (ಎರಡನೇ ದರ್ಜೆ ಮೊದಲನೆಯದನ್ನ ಮೀರಬಾರದು ಅನ್ನೋ ಮಿತಿಯೊಳಗೆ). ಷೇರು 300ಕ್ಕೆ ಇಳಿದ್ರೆ 180 ಹೋಗಿ 90, ಸಾಲದ ಜಾಗ ಅರ್ಧಕ್ಕರ್ಧ ಮಾಯ. 1990ರಲ್ಲಿ ಆಗಿದ್ದು ಇದೇ.

ಆಮೇಲೆ ಮಾಡಿದ್ದು ಇನ್ನೂ ಕೆಟ್ಟದ್ದು. 1990ರ ಮಾರ್ಚ್‌ನಲ್ಲಿ ರಿಯಲ್ ಎಸ್ಟೇಟ್ ಸಾಲಕ್ಕೆ ಕಡಿವಾಣ ಹಾಕಿದ್ರು, ಆದರೆ ‘ಜೂಸೆನ್’ ಅನ್ನೋ ಗೃಹಸಾಲ ಕಂಪನಿಗಳನ್ನ ಹೊರಗಿಟ್ರು. ಕೃಷಿ ಸಹಕಾರಿಗಳ ದುಡ್ಡು ಆ ಕಿಂಡಿಯಿಂದಲೇ ಜಮೀನಿಗೆ ಹರೀತು. 1996ರಲ್ಲಿ ಅವನ್ನ ಮುಚ್ಚೋಕೆ ಖಜಾನೆಯಿಂದ 68,500 ಕೋಟಿ ಯೆನ್ ಕೊಡಬೇಕಾಯ್ತು. ಅಷ್ಟೂ ವರ್ಷ ಬ್ಯಾಂಕುಗಳು ಬಡ್ಡಿ ಕಟ್ಟೋಕೆ ಹೊಸ ಸಾಲ ಕೊಟ್ಟು ಹಳೇ ಸಾಲ ಜೀವಂತ ಇದೆ ಅಂತ ತೋರಿಸ್ತಿದ್ವು. 1997ರ ನವೆಂಬರ್‌ನಲ್ಲಿ ಯಾಮಾಇಚಿ ಸೆಕ್ಯುರಿಟೀಸ್, ಹೊಕ್ಕಾಯ್ಡೋ ತಕುಶೋಕು ಬ್ಯಾಂಕ್ ಬಿದ್ದವು. ಇದರಲ್ಲಿ ಬೇಕರ್ ಸಹಿ ಎಲ್ಲಿದೆ ತೋರಿಸು ಸತೀಶ.

ರಾಘು: ಅದಿರ್ಲಿ, ಅಮೆರಿಕಕ್ಕೆ ಸಿಕ್ಕಿದ್ದೇನು?

ಶೈಲಜಾ: ಜಪಾನ್ ಜೊತೆಗಿನ ವ್ಯಾಪಾರ ಕೊರತೆ 1985ರಲ್ಲಿ ಸುಮಾರು 46 ಬಿಲಿಯನ್ ಡಾಲರ್, 1987ರಲ್ಲಿ 56. ಇಳಿಯೋದಿರಲಿ, ಏರಿತು. ಆರ್ಡರ್‌ಗಳು ಮುಂಚೆಯೇ ಆಗಿರ್ತವೆ, ಪ್ರಮಾಣ ಬದಲಾಗೋ ಮೊದಲು ಬೆಲೆ ಬದಲಾಗುತ್ತೆ. ಮೇಲಾಗಿ ಜಪಾನಿ ರಫ್ತುದಾರರು ಲಾಭಾಂಶ ಕಡಿಮೆ ಮಾಡ್ಕೊಂಡು ಡಾಲರ್ ಬೆಲೇನ ಯೆನ್ ಏರಿದಷ್ಟು ಏರಿಸಲೇ ಇಲ್ಲ. ಕಳಕೊಂಡ ಜಾಗವೂ ಡೆಟ್ರಾಯಿಟ್‌ಗೆ ಹೋಗಬೇಕಂತಿರಲಿಲ್ಲ, ಡಾಲರಿಗೆ ಅಂಟಿಕೊಂಡಿದ್ದ ಕೊರಿಯಾ, ತೈವಾನ್ ಇದ್ವಲ್ಲ. ಅಮೆರಿಕದ ಒಟ್ಟು ಚಾಲ್ತಿ ಖಾತೆ ಕೊರತೆ (ಎಲ್ಲ ದೇಶಗಳ ಜೊತೆಗಿನ ವ್ಯಾಪಾರ ಮತ್ತಿತರ ಪಾವತಿಗಳಲ್ಲಿನ ಕೊರತೆ) 1987ರ ನಂತರ ಇಳೀತು. 1991ರಲ್ಲಿ ಸೊನ್ನೆ ಮುಟ್ಟಿದ್ದಕ್ಕೆ ಕೊಲ್ಲಿ ಯುದ್ಧಕ್ಕೆ ಮಿತ್ರದೇಶಗಳು ಕೊಟ್ಟ ದುಡ್ಡೂ ಕಾರಣ.

ಸತೀಶ: ಸರಿ, 1995ರ ಏಪ್ರಿಲ್‌ನಲ್ಲಿ ಯೆನ್ ಡಾಲರಿಗೆ 79.75ರ ತನಕ ಏರಿ ಹೋಯ್ತಲ್ಲ? ಮರು ತಿಂಗಳೇ 13 ಜಪಾನಿ ಲಕ್ಷುರಿ ಕಾರು ಮಾಡೆಲ್ ಮೇಲೆ ಅಮೆರಿಕದಿಂದ ಶೇ. 100 ಸುಂಕದ ಬೆದರಿಕೆ. ಆಗ ಬ್ಯಾಂಕುಗಳು ಉಸಿರಾಡ್ತಿರಲಿಲ್ಲ. ಬಿದ್ದವನ ಮೇಲೆ ಇನ್ನೊಂದು ಏಟು.

ನಾಗೇಂದ್ರ: ಆ ಸಲ ಜಪಾನ್ ಸುಮ್ಮನೆ ಕೂರಲಿಲ್ಲ. ವಿಶ್ವ ವ್ಯಾಪಾರ ಸಂಸ್ಥೆ ಡಬ್ಲ್ಯುಟಿಒ ಜನವರಿಯಲ್ಲಷ್ಟೇ ಹುಟ್ಟಿತ್ತು, ಮೇನಲ್ಲೇ ಅಲ್ಲಿ ದೂರು ಕೊಟ್ಟಿತು. ಜೂನ್ 28ಕ್ಕೆ ರಾಜಿ ಆಯ್ತು, ಸುಂಕ ಬೀಳಲಿಲ್ಲ. 1981ರ ಥರದ ‘ಸ್ವಯಂಪ್ರೇರಿತ’ ಮಿತಿ ಮತ್ತೆ ಕೇಳೋ ಹಾಗೂ ಇರಲಿಲ್ಲ, ಡಬ್ಲ್ಯುಟಿಒದ ಸೇಫ್‌ಗಾರ್ಡ್ ಒಪ್ಪಂದದ 11ನೇ ವಿಧಿ ಅದನ್ನ ನಿಷೇಧಿಸಿತ್ತು.

ಸತೀಶ: ದೂರು ಕೊಟ್ಟರೂ ಕೊನೆಗೆ ಮಾತುಕತೆಗೆ ಕೂತಿದ್ದು ಯಾರು? ಜಪಾನೇ ತಾನೆ? ನಾನು ಡಿಲೀಟ್ ಮಾಡಲ್ಲ.

ಫರೀದಾ: ಬೇಡ ಬಿಡು. ‘ರಾತ್ರೋರಾತ್ರಿ’ ಒಂದನ್ನಾದ್ರೂ ತೆಗಿ.